ಹಿರೋಡೆಯ ನೆಲ, ಕನ್ನಂಬಾಡಿಯ ನೀರು

ಮುಂಗಾರು ಕಾಲಿಟ್ಟಿತೆಂದರೆ ನಮ್ಮ ತಾತ ದಿನಪತ್ರಿಕೆಯನ್ನು ಮೊದಲ ಪುಟದಿಂದ ಓದಿಸುತ್ತಿರಲಿಲ್ಲ. ಅವರಿಗೆ ಅಕ್ಷರ ಬರುತ್ತಿರಲಿಲ್ಲವಾದ್ದರಿಂದ ಓದಿ ಹೇಳುವ ಕೆಲಸ ನನ್ನದಾಗಿತ್ತು. "ಮಗ, ಕಟ್ಟೆ ಎಷ್ಟಡಿ ಐತೆ ನೋಡು" ಎಂಬುದೇ ಅವರ ಮೊದಲ ಮಾತು. ನಾನು ಒಳಪುಟದ ಮೂಲೆಯಲ್ಲಿದ್ದ ಸಣ್ಣ ಚೌಕವನ್ನು ಹುಡುಕಿ, ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯುಸೆಕ್, ಹೊರಹರಿವು ಇಷ್ಟು ಎಂದು ಓದುತ್ತಿದ್ದೆ. ಅವರು ಬೀಡಿ ಹಚ್ಚುವುದನ್ನೂ ಮರೆತು ಕೇಳಿಸಿಕೊಳ್ಳುತ್ತಿದ್ದರು. ನಮ್ಮ ಊರು ಮೇಲುಕೋಟೆಯ ಬೆಟ್ಟದ ಸಾಲಿನ ಬುಡದಲ್ಲಿರುವ, ಮಳೆಯನ್ನೇ ನಂಬಿದ ಖುಷ್ಕಿ ಊರು. ಆ ಕಟ್ಟೆಯ ಒಂದು ಹನಿ ನೀರೂ ನಮ್ಮ ಹೊಲಕ್ಕೆ ಬರುತ್ತಿರಲಿಲ್ಲ. ಆದರೂ ತಾತ ದಿನವೂ ಕೇಳುತ್ತಿದ್ದರು, ಏಕೆಂದರೆ ನಮ್ಮ ದನಗಳಿಗೆ ಬೇಸಿಗೆಯ ಹುಲ್ಲು, ಮನೆಗೆ ಹಬ್ಬದ ಅಕ್ಕಿ, ಊರಿನ ಆಳುಗಳಿಗೆ ನಾಟಿ ಮತ್ತು ಕಟಾವಿನ ಕೂಲಿ, ಎಲ್ಲವೂ ನಾಲೆಯ ಕೆಳಗಿನ ಊರುಗಳಿಂದ ಬರಬೇಕಾಗಿತ್ತು. ಅಮ್ಮನ ತವರು ಅಂಥದೊಂದು ಊರು. ಈ ಎರಡು ಊರುಗಳ ನಡುವೆ, ನಾವು ಬಸ್ಸು ಬದಲಿಸುತ್ತಿದ್ದ, ಗೊಬ್ಬರ ಕೊಳ್ಳುತ್ತಿದ್ದ, ತಾಲ್ಲೂಕು ಕಚೇರಿಯಲ್ಲಿ ಪಹಣಿಗಾಗಿ ಕಾಯುತ್ತಿದ್ದ, ಮುಂದೆ ನಾನು ಓದಿದ ಪಟ್ಟಣವೇ ಪಾಂಡವಪುರ.

ಮಂಡ್ಯಕ್ಕೂ ಮೈಸೂರಿಗೂ ಹೆಚ್ಚುಕಡಿಮೆ ಸಮದೂರದಲ್ಲಿ, 25–30 ಕಿಲೋಮೀಟರುಗಳ ಅಂತರದಲ್ಲಿರುವ ಈ ಪಟ್ಟಣದ ಜನಸಂಖ್ಯೆ ಇಪ್ಪತ್ತು ಸಾವಿರದ ಆಸುಪಾಸಿನದು. ಇಲ್ಲಿ ಪುರಸಭೆಯಿದೆ. ಪಾಂಡವಪುರ, ಶ್ರೀರಂಗಪಟ್ಟಣ, ನಾಗಮಂಗಲ ಮತ್ತು ಕೃಷ್ಣರಾಜಪೇಟೆ ತಾಲ್ಲೂಕುಗಳಿಗೆ ಸೇರಿದ ಉಪವಿಭಾಗಾಧಿಕಾರಿಯ ಕಚೇರಿಯೂ ಇಲ್ಲೇ ಇದೆ. 1964ರ ಕರ್ನಾಟಕ ಪುರಸಭೆಗಳ ಅಧಿನಿಯಮವು ಒಂದು ಊರನ್ನು ಪಟ್ಟಣವೆಂದು ಕರೆಯಲು ಜನಸಂಖ್ಯೆ, ಜನಸಾಂದ್ರತೆ ಮತ್ತು ವರಮಾನಗಳ ಜೊತೆಗೆ ಇನ್ನೊಂದು ಅಳತೆಯನ್ನೂ ಇಟ್ಟಿದೆ: ದುಡಿಯುವವರಲ್ಲಿ ಕನಿಷ್ಠ ಅರ್ಧದಷ್ಟು ಮಂದಿ ಕೃಷಿಯೇತರ ಕೆಲಸದಲ್ಲಿರಬೇಕು. ಈ ಅಳತೆಯನ್ನು ಓದಿದಾಗಲೆಲ್ಲ ನನಗೆ ಪಾಂಡವಪುರದ ಪೇಟೆಬೀದಿ ನೆನಪಾಗುತ್ತದೆ. ಅಲ್ಲಿನ ಬಟ್ಟೆ ಅಂಗಡಿಯವರಿಗೆ ಊರಾಚೆ ಎರಡು ಎಕರೆ ಗದ್ದೆ. ಶಾಲೆಯ ಮೇಷ್ಟರಿಗೆ ಕೂಳೆ ಕಬ್ಬಿನ, ಎಂದರೆ ಕಡಿದ ಬುಡದಿಂದ ಮತ್ತೆ ಚಿಗುರಿದ ಕಬ್ಬಿನ ಚಿಂತೆ. ಸ್ಟುಡಿಯೋ ನಡೆಸುವವರ ಮನೆಯ ಹಿಂದೆ ಎರಡು ಹಸು, ಮುಂಜಾನೆ ಡೇರಿಗೆ ಹಾಕುವ ಹಾಲಿನ ಕ್ಯಾನು. ಗಣತಿಯ ಕಾಗದದಲ್ಲಿ ಇವರೆಲ್ಲ ಕೃಷಿಯೇತರರು. ನಾಲೆಗೆ ನೀರು ಬಿಡದ ವರ್ಷ ಇವರಲ್ಲಿ ಒಬ್ಬರ ವ್ಯಾಪಾರವೂ ಏಳುವುದಿಲ್ಲ. ಕಟ್ಟೆ ತುಂಬಿದ ವರ್ಷ ಗೌರಿ ಹಬ್ಬಕ್ಕೆ ಬಟ್ಟೆ ಅಂಗಡಿಯ ಕಟ್ಟೆಯ ಮೇಲೆ ಕೂರಲು ಜಾಗವಿರುವುದಿಲ್ಲ. ಪುರಸಭೆ ಎಂಬ ಹೆಸರಿನಡಿ ಇರುವುದು ಬೇಸಾಯದ ಊರೇ.

ಆದ್ದರಿಂದ ಇದರ ಚರಿತ್ರೆಯನ್ನು ನೆಲದ ಇಳಿಜಾರಿನಿಂದ ಓದಲು ತೊಡಗುವುದೇ ಸರಿ ಎಂದು ನನಗೆ ಅನ್ನಿಸುತ್ತದೆ. ತಾಲ್ಲೂಕಿನ ಉತ್ತರಕ್ಕೆ ಮೇಲುಕೋಟೆಯ ಬೆಟ್ಟಗಳು ನಿಂತಿವೆ. ಅಲ್ಲಿಂದ ನೆಲ ದಕ್ಷಿಣಕ್ಕೆ, ಕಾವೇರಿಯ ಕಡೆಗೆ ನಿಧಾನವಾಗಿ ಬಾಗುತ್ತ ಬರುತ್ತದೆ. ಮಧ್ಯೆ ಮಧ್ಯೆ ಮಣ್ಣನ್ನು ಸೀಳಿಕೊಂಡು ಎದ್ದ ಬೋಳು ಬಂಡೆಯ ಗುಡ್ಡಗಳು: ಪಟ್ಟಣದ ತಲೆಯ ಮೇಲೆ ಕುಂತಿಬೆಟ್ಟ, ಆಚೆಗೆ ಬೇಬಿ ಬೆಟ್ಟ. ಇವು ದಖ್ಖನ್ ನೆಲದ ಅತಿ ಹಳೆಯ ಶಿಲೆಗಳ ಕುಲಕ್ಕೆ ಸೇರಿದವು; ಮಳೆ, ಬಿಸಿಲುಗಳಲ್ಲಿ ಇವು ಸವೆದು ಉಳಿದುದೇ ನಮ್ಮ ಮರಳು ಬೆರೆತ ಕೆಂಪು ಮಣ್ಣು. ಈ ಮಣ್ಣು ನೀರನ್ನು ಬಹಳ ಹೊತ್ತು ಹಿಡಿದಿಡುವುದಿಲ್ಲ. ಜಿಲ್ಲೆಯ ವಾರ್ಷಿಕ ಮಳೆ 700 ಮಿಲಿಮೀಟರಿನ ಆಚೀಚೆ, ಅದೂ ಒಂದೇ ಸಮನೆ ಬರುವುದಿಲ್ಲ. ಮುಂಗಾರಿನಲ್ಲಿ ಸ್ವಲ್ಪ, ನಡುವೆ ಒಂದು ಒಣಗಾಲ, ಕೊನೆಗೆ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಒಮ್ಮೆಲೇ ಸುರಿತ. ಹೀಗೆ ಬರುವ ಮಳೆಗೆ ರಾಗಿ, ಹುರುಳಿ, ಅವರೆ ಹೊಂದಿಕೊಳ್ಳುತ್ತವೆ, ಭತ್ತ ಹೊಂದಿಕೊಳ್ಳದು. ಸಣ್ಣ ನದಿ ಲೋಕಪಾವನಿ ಈ ತಾಲ್ಲೂಕನ್ನು ಹಾದು ಶ್ರೀರಂಗಪಟ್ಟಣದ ಬಳಿ ಕರಿಘಟ್ಟದ ಬುಡದಲ್ಲಿ ಕಾವೇರಿಗೆ ಸೇರುತ್ತದೆ. ಕಾವೇರಿ ಮಾತ್ರ ತಗ್ಗಿನಲ್ಲಿ ಹರಿಯುತ್ತಿತ್ತು. ನದಿಯನ್ನು ಕಣ್ಣಿಗೆ ಕಾಣುವ ದೂರದಲ್ಲಿಟ್ಟುಕೊಂಡು, ಅದರ ನೀರು ಮೇಲೆ ಹತ್ತಿ ಬರಲಾರದೆಂಬ ಕಾರಣಕ್ಕೆ ಆಕಾಶ ನೋಡುತ್ತ ಬದುಕಿದ ಊರುಗಳು ಇವು.

ನೀರನ್ನು ನಿಲ್ಲಿಸುವ ವಿದ್ಯೆಯನ್ನು ಮೊದಲು ಕಲಿಸಿದ್ದು ಕೆರೆಗಳು. ಅವುಗಳಲ್ಲಿ ಹಿರಿಯದು ತೊಣ್ಣೂರು ಕೆರೆ. ಹೊಯ್ಸಳರ ಕಾಲದಲ್ಲಿ ಯಾದವಪುರವೆಂದು ಹೆಸರಾಗಿದ್ದ ತೊಂಡನೂರು, ಎಂದರೆ ಇಂದಿನ ತೊಣ್ಣೂರು, ಬಿಟ್ಟಿದೇವನೆಂಬ ವಿಷ್ಣುವರ್ಧನನು ರಾಮಾನುಜಾಚಾರ್ಯರನ್ನು ಕಂಡ ಊರೆಂದು ಪರಂಪರೆ ಹೇಳುತ್ತದೆ. ದೋರಸಮುದ್ರ ದೆಹಲಿಯ ಸೈನ್ಯಕ್ಕೆ ಸಿಕ್ಕಿ ಹಾಳಾದ ಮೇಲೆ ಹೊಯ್ಸಳ ಅರಸ ಕೆಲಕಾಲ ಇಲ್ಲಿ ಆಶ್ರಯ ಪಡೆದನೆಂದು ಇತಿಹಾಸಕಾರರು ಬರೆದಿದ್ದಾರೆ. ನಂಬಿನಾರಾಯಣ, ವೇಣುಗೋಪಾಲ, ಬೆಟ್ಟದ ಮೇಲಿನ ಯೋಗಾನರಸಿಂಹ, ಈ ಗುಡಿಗಳು ಇಂದಿಗೂ ಪೂಜೆಗೊಳ್ಳುತ್ತಿವೆ. ಕೆರೆಯನ್ನು ರಾಮಾನುಜರೇ ಕಟ್ಟಿಸಿ ತಿರುಮಲಸಾಗರವೆಂದು ಕರೆದರೆಂಬುದು ಸ್ಥಳದ ನಂಬಿಕೆ. 1746ರಲ್ಲಿ ಇಲ್ಲಿಗೆ ಬಂದ ಹೈದರಾಬಾದಿನ ನಾಸಿರ್ ಜಂಗ್ ಇದರ ತಿಳಿನೀರನ್ನು ನೋಡಿ ಮೋತಿ ತಲಾಬ್, ಎಂದರೆ ಮುತ್ತಿನ ಕೆರೆ, ಎಂದು ಹೆಸರಿಟ್ಟನೆಂದು ಗ್ಯಾಸೆಟಿಯರ್ ದಾಖಲಿಸಿದೆ.

ನನಗೆ ಈ ಕೆರೆಯ ಬಗ್ಗೆ ಇರುವ ಗೌರವಕ್ಕೆ ಕಾರಣ ಅದರ ಏರಿ. ಬೇರೆ ಕೆರೆಗಳ ಏರಿಗಳು ಬಯಲಿನಲ್ಲಿ ಉದ್ದಕ್ಕೆ ಮಲಗಿರುತ್ತವೆ. ತೊಣ್ಣೂರಿನಲ್ಲಿ ಏರಿ ಗಿಡ್ಡ, ನೀರು ಆಳ. ಎರಡು ಕಲ್ಲುಬೆಟ್ಟಗಳು ಒಂದನ್ನೊಂದು ಮುಟ್ಟಲು ಬಂದು ನಿಂತಂತಿರುವ ಕಂಡಿಯನ್ನು ಹುಡುಕಿ, ಆ ಕಂಡಿಯೊಂದನ್ನೇ ಮುಚ್ಚಿ, ಹಿಂದಿನ ಕಣಿವೆಯನ್ನೆಲ್ಲ ಪಾತ್ರೆ ಮಾಡಿಕೊಂಡಿದ್ದಾರೆ. ನಕ್ಷೆಯಿಲ್ಲದ ಕಾಲದಲ್ಲಿ ಆ ಜಾಗವನ್ನು ಗುರುತಿಸಿದವರು ಎಷ್ಟು ಮಳೆಗಾಲ ಆ ಬೆಟ್ಟಗಳನ್ನು ಅಲೆದಿರಬೇಕು! ಹೂಳು ಕಡಿಮೆ ಬರುವುದರಿಂದ ನೀರು ಇಂದಿಗೂ ತಿಳಿ. ಚಿಕ್ಕಂದಿನಲ್ಲಿ ಸೋಪಾನದ ಮೇಲೆ ಕುಳಿತು, ನೀರಿನೊಳಗಿನ ನಾಲ್ಕನೆಯ ಮೆಟ್ಟಿಲಿನ ಮೇಲೆ ಸಣ್ಣ ಮೀನುಗಳು ಪಾಚಿ ಕೀಳುವುದನ್ನು, ಅವುಗಳ ನೆರಳು ಕಲ್ಲಿನ ಮೇಲೆ ಅವುಗಳಿಗಿಂತ ದೊಡ್ಡದಾಗಿ ಸರಿಯುವುದನ್ನು ನೋಡಿದ್ದೇನೆ. ಇಂಥ ಕೆರೆಗಳ ತೂಬನ್ನು ತೆಗೆಯುವ, ಮುಚ್ಚುವ ಅಧಿಕಾರ ಊರಿನ ನೀರುಗಂಟಿಯದು. ಯಾರ ಗದ್ದೆಗೆ ಎಷ್ಟು ಹೊತ್ತು ಎಂಬ ಲೆಕ್ಕ ಅವನ ತಲೆಯಲ್ಲಿರುತ್ತಿತ್ತು, ಸುಗ್ಗಿಯಲ್ಲಿ ಅವನ ಪಾಲು ಕಣದಲ್ಲೇ ಅಳೆದು ಕೊಡಲಾಗುತ್ತಿತ್ತು.

ತೊಣ್ಣೂರು ರಾಜಧಾನಿಯಾಗಿ ಮೆರೆದ ಕಾಲಕ್ಕೆ ಇಂದಿನ ಪಾಂಡವಪುರ ಹಿರೋಡೆ ಎಂಬ ಊರು. ಆ ಹೆಸರು ಇಂದಿಗೂ ಹಿರೋಡೆ ಕೆರೆಯಲ್ಲಿ ಉಳಿದುಕೊಂಡಿದೆ. ಊರಿಗೆ ಎರಡನೆಯ ಹೆಸರು ಬಂದದ್ದು ಹದಿನೆಂಟನೆಯ ಶತಮಾನದಲ್ಲಿ, ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಇಲ್ಲಿನ ಬಂಡೆಗಳ ಬುಡದಲ್ಲಿ ಬೀಡುಬಿಟ್ಟ ಮೇಲೆ. ಇಂಗ್ಲಿಷರ ಕಾಗದಪತ್ರಗಳಲ್ಲಿ ಅದು ಫ್ರೆಂಚ್ ರಾಕ್ಸ್ ಆಯಿತು. ರಾಜಧಾನಿ ಶ್ರೀರಂಗಪಟ್ಟಣ ಇಲ್ಲಿಂದ ಕೂಗಳತೆಯೆನ್ನುವಷ್ಟು ಹತ್ತಿರ. ಆದ್ದರಿಂದ ಶ್ರೀರಂಗಪಟ್ಟಣಕ್ಕೆ ಬಂದ ಆಪತ್ತುಗಳಲ್ಲಿ ಕೆಲವು ಮೊದಲು ನಮ್ಮ ಹೊಲಗಳನ್ನು ತುಳಿದೇ ಹೋದವು. 1771ರ ಮಾರ್ಚ್ ತಿಂಗಳಿನಲ್ಲಿ ಮೇಲುಕೋಟೆಯಿಂದ ಶ್ರೀರಂಗಪಟ್ಟಣದ ಕಡೆಗೆ ಹಿಂದೆ ಸರಿಯುತ್ತಿದ್ದ ಹೈದರಾಲಿಯ ಸೈನ್ಯವನ್ನು ತ್ರಿಂಬಕರಾಯನ ನೇತೃತ್ವದ ಮರಾಠರು ಚಿನಕುರಳಿಯ ಬಳಿ ಚೆಲ್ಲಾಪಿಲ್ಲಿ ಮಾಡಿದರು, ಮೇಲುಕೋಟೆಯನ್ನು ಸೂರೆ ಮಾಡಿದರು. ಇಪ್ಪತ್ತೊಂದು ವರ್ಷಗಳ ಅನಂತರ, 1792ರ ಫೆಬ್ರವರಿ 5ರಂದು, ಲಾರ್ಡ್ ಕಾರ್ನ್‌ವಾಲಿಸನ ಸೈನ್ಯವು ನಿಜಾಮ ಮತ್ತು ಮರಾಠರ ದಂಡುಗಳೊಡನೆ ಬಂದು ಇದೇ ಬಂಡೆಗಳ ಬಳಿ ಡೇರೆ ಹೊಡೆಯಿತು. ಮರುದಿನ ರಾತ್ರಿ ಇಲ್ಲಿಂದ ಹೊರಟು ಟಿಪ್ಪುವಿನ ಪಾಳೆಯದ ಮೇಲೆ ಬಿತ್ತು. ಟಿಪ್ಪು ತನ್ನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಒಪ್ಪಿಸಬೇಕಾಗಿ ಬಂದದ್ದು ಈ ಯುದ್ಧದ ಕೊನೆಯಲ್ಲಿ.

ಈ ದಂಡಯಾತ್ರೆಗಳ ಬಗ್ಗೆ ಇಂಗ್ಲಿಷರು ಬಹಳ ಬರೆದಿಟ್ಟಿದ್ದಾರೆ. ಎಷ್ಟು ಫಿರಂಗಿ, ಎಷ್ಟು ಎತ್ತು, ಯಾವ ರೆಜಿಮೆಂಟು ಎಲ್ಲಿ ನಿಂತಿತ್ತು ಎಂಬುದೆಲ್ಲ ಸಿಗುತ್ತದೆ. ನಾನು ಓದುವಾಗ ತಿಂಗಳನ್ನು ಗಮನಿಸುತ್ತೇನೆ. ಫೆಬ್ರವರಿ, ಮಾರ್ಚ್ ಎಂದರೆ ಕಣದ ಕೆಲಸ ಮುಗಿದು, ಹುಲ್ಲು ಮೆದೆಗೆ ಸೇರಿ, ರಾಗಿ ಹಗೇವಿನೊಳಗೆ, ಎಂದರೆ ನೆಲದಡಿಯ ಧಾನ್ಯದ ಗುಂಡಿಯೊಳಗೆ, ಇಳಿದಿರುವ ಕಾಲ. ಹೊರಗಿನಿಂದ ಬಂದ ಲಕ್ಷಾಂತರ ಎತ್ತು, ಕುದುರೆ, ಆನೆಗಳಿಗೆ ಮೇವು ಎಲ್ಲಿಂದ ಬಂದಿರಬೇಕು? ಹಿರೋಡೆಯ ಹುಲ್ಲಿನ ಮೆದೆಗಳನ್ನು ಯಾರೂ ಎಣಿಸಿಡಲಿಲ್ಲ. ಹಗೇವಿನ ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣು ಹರಡಿ, ಅದರ ಮೇಲೆ ಕಸ ಗುಡಿಸಿ ಹಾಕಿ, ಏನೂ ಇಲ್ಲದಂತೆ ಕಾಣಿಸುವ ಕಲೆ ನಮ್ಮ ಅಜ್ಜಿಯ ಕಾಲದವರೆಗೂ ಉಳಿದಿತ್ತು. ಅದನ್ನು ಕಲಿಸಿದ್ದು ಇಂಥ ಫೆಬ್ರವರಿಗಳೇ ಇರಬೇಕು ಎಂದು ನಾನು ಊಹಿಸುತ್ತೇನೆ.

1799ರ ಅನಂತರ ಫ್ರೆಂಚರ ಹೆಸರಿನ ಬಂಡೆಗಳ ಬಳಿ ಇಂಗ್ಲಿಷರ ದಂಡು ಬಂತು, ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳು ಹತ್ತಿರವಾಗುವವರೆಗೂ ಇದು ಅವರ ಸೇನಾಠಾಣ್ಯವಾಗಿತ್ತು. ಅವರು ಬಿಟ್ಟುಹೋದುದು ಗೋರಿಗಳನ್ನು. ಬೆಂಗಳೂರು–ಮೈಸೂರು ರೈಲುಮಾರ್ಗ 1882ರಲ್ಲಿ ಪೂರ್ಣಗೊಂಡಾಗ ಇಲ್ಲಿನ ನಿಲ್ದಾಣಕ್ಕೂ ಫ್ರೆಂಚ್ ರಾಕ್ಸ್ ಎಂಬ ಹೆಸರೇ ಬಂತು. ತಾತ ಆ ಎರಡು ಮಾತುಗಳನ್ನು ಒಂದೇ ಮಾತು ಮಾಡಿ, ನಡುವಿನ ಅಕ್ಷರಗಳನ್ನು ನುಂಗಿ ಹೇಳುತ್ತಿದ್ದರು. ಅದು ಯಾವುದೋ ದೇಶದ ಹೆಸರೆಂಬ ಅರಿವು ಅವರ ನಾಲಿಗೆಗೆ ಇರಲಿಲ್ಲ. ಪಾಂಡವಪುರ ಎಂಬ ಮೂರನೆಯ ಹೆಸರು ಬೆಟ್ಟದ ಐತಿಹ್ಯದಿಂದ ಬಂದದ್ದು. ವನವಾಸದಲ್ಲಿ ಪಾಂಡವರು ತಾಯಿಯೊಡನೆ ಇಲ್ಲಿ ಉಳಿದಿದ್ದರು, ಭೀಮ ಬಕಾಸುರನನ್ನು ಕೊಂದದ್ದು ಇಲ್ಲೇ, ಬೆಟ್ಟದ ಮೇಲೆ ನೆಟ್ಟಗೆ ನಿಂತಿರುವ ಕಲ್ಲು ಕುಂತಿಯ ಒನಕೆ ಎಂದು ಜನ ನಂಬುತ್ತಾರೆ. ಐತಿಹ್ಯದ ಸತ್ಯಾಸತ್ಯ ನನಗೆ ಮುಖ್ಯವಲ್ಲ. ಸೈನ್ಯಗಳು ಬೀಡುಬಿಟ್ಟ ಬಂಡೆಯಲ್ಲಿ ಜನ ಕಂಡದ್ದು ಒಬ್ಬ ತಾಯಿ ರಾಗಿಯನ್ನೋ ಭತ್ತವನ್ನೋ ಕುಟ್ಟುವ ಒನಕೆಯನ್ನು. ಊರಿನ ಹೆಸರು ಫಲಕದ ಮೇಲೆ ಬದಲಾದಾಗ, ಕೊನೆಗೂ ಊರಿನವರೇ ಇಟ್ಟ ಹೆಸರು ಊರಿಗೆ ಬಂತು.

ಕುಂತಿಬೆಟ್ಟದ ಮೇಲೆ ನಿಂತರೆ ನಾನು ಹೇಳಬೇಕೆಂದಿರುವ ವಿಷಯವೆಲ್ಲ ಕಣ್ಣ ಮುಂದೆಯೇ ಹರಡಿರುತ್ತದೆ. ಕೊನೆಯ ಏರಿನಲ್ಲಿ ಮೆಟ್ಟಿಲುಗಳು ಮುಗಿದು ಬಂಡೆಯ ಬಿರುಕುಗಳೇ ದಾರಿಯಾಗುತ್ತವೆ. ಅಂಗೈಗೆ ಕಲ್ಲಿನ ತರಿ ಅಂಟುತ್ತದೆ. ಮೇಲೆ ತಲುಪಿ ಉತ್ತರಕ್ಕೆ ತಿರುಗಿದರೆ ಕಂದು ನೆಲ, ಚದುರಿದ ಹೊಂಗೆ ಮತ್ತು ಬೇವಿನ ಮರಗಳು, ಅಲ್ಲೊಂದು ಇಲ್ಲೊಂದು ಬೋರ್‌ವೆಲ್ಲಿನ ತೆಂಗಿನ ತೋಟ. ದಕ್ಷಿಣಕ್ಕೆ ತಿರುಗಿದರೆ ಕಣ್ಣಿಗೆ ತಂಪೆನಿಸುವ ಹಸಿರು, ಗದ್ದೆಯ ಚೌಕಗಳು, ಕಬ್ಬಿನ ಕಡುಹಸಿರು ಪಟ್ಟೆಗಳು. ಎರಡಕ್ಕೂ ಮಣ್ಣು ಒಂದೇ, ಮಳೆ ಒಂದೇ. ಎರಡನ್ನೂ ಬೇರೆ ಮಾಡಿರುವುದು ವಿಶ್ವೇಶ್ವರಯ್ಯ ನಾಲೆ.

ಕನ್ನಂಬಾಡಿಯ ಬಳಿ ಕಾವೇರಿಗೆ ಕೃಷ್ಣರಾಜಸಾಗರ ಅಣೆಕಟ್ಟು ಕಟ್ಟುವ ಕೆಲಸ 1911ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಎಂ. ವಿಶ್ವೇಶ್ವರಯ್ಯನವರು ಮುಖ್ಯ ಎಂಜಿನಿಯರ್ ಆಗಿದ್ದಾಗ ತೊಡಗಿ, ಎರಡು ದಶಕ ನಡೆದು 1930ರ ದಶಕದ ಆರಂಭದಲ್ಲಿ ಮುಗಿಯಿತು. ನೀರು ನಿಂತಾಗ ಹಳೆಯ ಕನ್ನಂಬಾಡಿ ಮುಳುಗಿತು, ಅದರೊಡನೆ ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ದೇವಾಲಯವೂ ಮುಳುಗಿತು. ಎತ್ತರದ ಜಾಗಕ್ಕೆ ಬಂದು ನೆಲೆಸಿದ ಜನ ಕಟ್ಟಿಕೊಂಡ ಹೊಸ ಕನ್ನಂಬಾಡಿ ನಮ್ಮ ತಾಲ್ಲೂಕಿನಲ್ಲಿದೆ. ಬರಗಾಲದ ವರ್ಷಗಳಲ್ಲಿ ಹಿನ್ನೀರು ಸರಿದಾಗ ಹಳೆಯ ಗುಡಿ ಕೆಸರಿನಿಂದ ತಲೆಯೆತ್ತುತ್ತಿತ್ತು. ಊರಿನ ಹಿರಿಯರು ಹಾಗೆ ಗುಡಿ ಕಾಣಿಸಿದ ವರ್ಷ ನಡೆದುಹೋಗಿ ಹಣ್ಣುಕಾಯಿ ಮಾಡಿಸಿ ಬರುತ್ತಿದ್ದರು. ದೇವರ ದರ್ಶನವಾದ ವರ್ಷ ಬೆಳೆ ಇಲ್ಲ, ಬೆಳೆಯಾದ ವರ್ಷ ದೇವರಿಲ್ಲ. ಎರಡು ಸಾವಿರದ ಈಚೆಗೆ ಆ ಗುಡಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿ, ಹಿನ್ನೀರಿನ ದಡದಲ್ಲಿ ಮತ್ತೆ ಕಟ್ಟಲಾಗಿದೆ. ಈಗ ಅಲ್ಲಿ ಭಾನುವಾರಗಳಂದು ಕಾರುಗಳ ಸಾಲು ನಿಲ್ಲುತ್ತದೆ. ಮುಳುಗಿದ ಹೊಲಗಳಿಗೆ ಅಂಥ ಮರುಹುಟ್ಟು ಇಲ್ಲ.

ಅಣೆಕಟ್ಟಿನ ಎಡದಂಡೆಯಿಂದ ಹೊರಡುವ ಈ ವಿಶ್ವೇಶ್ವರಯ್ಯ ನಾಲೆಗೆ (ಜನರ ಬಾಯಲ್ಲಿ ವಿ.ಸಿ. ನಾಲೆ) ಮೊದಲು ಇಟ್ಟ ಹೆಸರು ವೈಸರಾಯ್ ಇರ್ವಿನ್‌ನದು. ತಾತನ ಪೀಳಿಗೆಯವರು ಅದನ್ನು ಇರ್ವಿನ್ ನಾಲೆ ಎಂದೇ ಕರೆಯುತ್ತಿದ್ದರು. ಇದು ನಮ್ಮ ತಾಲ್ಲೂಕನ್ನು ಹಾದು, ಮಂಡ್ಯದ ಕಡೆಗೆ ಹೋಗುವ ಹಾದಿಯಲ್ಲಿ ಹುಲಿಕೆರೆಯ ಬಳಿ ಗುಡ್ಡದೊಳಗೆ ಕೊರೆದ ಎರಡೂಮುಕ್ಕಾಲು ಕಿಲೋಮೀಟರಿನಷ್ಟು ಉದ್ದದ ಸುರಂಗವನ್ನು ದಾಟುತ್ತದೆ. ಯೋಜನೆಯ ಮೂಲ ಗುರಿ ಸುಮಾರು 1,20,000 ಎಕರೆ. ನೀರು ಹಂಚಲು ವಿಶ್ವೇಶ್ವರಯ್ಯನವರು ಯೋಚಿಸಿದ್ದ ಕ್ರಮವನ್ನು ಬ್ಲಾಕ್ ಪದ್ಧತಿ ಎನ್ನುತ್ತಾರೆ: ಒಂದೊಂದು ಹಳ್ಳಿಯ ನೀರಾವರಿ ನೆಲವನ್ನು ಮೂರು ಪಾಲು ಮಾಡಿ, ಒಂದರಲ್ಲಿ ಕಬ್ಬು, ಒಂದರಲ್ಲಿ ಭತ್ತ, ಇನ್ನೊಂದರಲ್ಲಿ ರಾಗಿಯಂಥ ಅರೆ ಖುಷ್ಕಿ ಬೆಳೆ ಹಾಕಿ, ವರ್ಷವರ್ಷವೂ ಪಾಲನ್ನು ಬದಲಿಸುತ್ತ ಹೋಗಬೇಕು. ಹೀಗೆ ಮಾಡಿದರೆ ಇರುವ ನೀರು ಹೆಚ್ಚು ಊರುಗಳಿಗೆ ಸಾಲುತ್ತದೆ, ಮಣ್ಣಿಗೂ ವಿಶ್ರಾಂತಿ ಸಿಗುತ್ತದೆ. ನನಗೆ ಇದು ಅಣೆಕಟ್ಟಿಗಿಂತಲೂ ದೊಡ್ಡ ಯೋಚನೆಯಾಗಿ ಕಾಣುತ್ತದೆ. ಅದು ಕೊನೆಯವರೆಗೆ ಉಳಿಯಲಿಲ್ಲ. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಆರಂಭವಾಯಿತು. ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅದಕ್ಕೆ ಶ್ರಮಿಸಿದವರು. 1939ರಲ್ಲಿ ಮಂಡ್ಯವೇ ಜಿಲ್ಲೆಯಾಯಿತು. ಮುಂದೆ ಪಾಂಡವಪುರದಲ್ಲೂ ಸಹಕಾರಿ ಸಕ್ಕರೆ ಕಾರ್ಖಾನೆ ಬಂತು. ನೀರು ಸಿಕ್ಕವರೆಲ್ಲ ಭತ್ತ ಇಲ್ಲವೇ ಕಬ್ಬಿಗೆ ಹೋದರು. ಮೂರನೆಯ ಪಾಲಿನ ರಾಗಿ ಗದ್ದೆಬಯಲಿನಿಂದ ಮಾಯವಾಯಿತು. ಮೇಲಿನ ಊರುಗಳ ಗದ್ದೆಗಳಲ್ಲಿ ನೀರು ತುಂಬಿ ತುಳುಕಿ, ನಾಲೆಯ ಕೊನೆಯ ಭಾಗದ ಊರುಗಳಿಗೆ ತಲುಪದ ದೂರು ಅಂದಿನಿಂದ ಇಂದಿನವರೆಗೆ ನಿಂತಿಲ್ಲ.

ಅಮ್ಮನ ತವರಿನಲ್ಲಿ ಕಳೆದ ಬೇಸಿಗೆ ರಜೆಗಳು ನನಗೆ ಈ ಚರಿತ್ರೆಯ ಒಳಗನ್ನು ತೋರಿಸಿದವು. ಕಟ್ಟುನೀರಿನ ಪದ್ಧತಿಯಲ್ಲಿ ಇಷ್ಟು ದಿನ ನೀರು, ಇಷ್ಟು ದಿನ ಬಂದ್. ನಮ್ಮ ಸರದಿ ಬಹಳ ಸಲ ನಡುರಾತ್ರಿಗೆ ಬೀಳುತ್ತಿತ್ತು. ಮಾವ ಹೆಗಲ ಮೇಲೆ ಗುದ್ದಲಿ, ಕೈಯಲ್ಲಿ ಟಾರ್ಚು ಹಿಡಿದು ಹೊರಟರೆ ನಾನು ಹಿಂದೆ ಓಡುತ್ತಿದ್ದೆ. ತೂಬಿನ ಬಳಿ ನಾಲೆಯ ನೀರು ಬಿಡುವ ಸೌಡಿ ಬಂದು ಬಾಗಿಲನ್ನು ಎತ್ತಿದಾಗ ಮೊದಲು ಗಾಳಿ ಸಿಕ್ಕಿದಂಥ ಒಂದು ಸದ್ದು, ಆಮೇಲೆ ನೀರು. ಒಣಗಿದ ಕಾಲುವೆಯಲ್ಲಿ ಅದು ಓಡುತ್ತ ಬರುವುದಿಲ್ಲ. ಮುಂದೆ ಎಲೆ, ಕಡ್ಡಿ, ನೊರೆಗಳನ್ನು ತಳ್ಳಿಕೊಂಡು, ಪ್ರತಿಯೊಂದು ಬಿರುಕಿನ ಬಳಿಯೂ ನಿಂತು ಅದನ್ನು ತುಂಬಿಸಿ, ಮತ್ತೆ ಒಂದು ಮಾರು ಸರಿಯುತ್ತದೆ. ಬಿರುಕುಗಳೊಳಗಿನಿಂದ ಜೀರುಂಡೆಗಳು ಮೇಲೆದ್ದು ತೆವರಿಗೆ, ಎಂದರೆ ಗದ್ದೆಯ ಬದುವಿಗೆ, ಹತ್ತುತ್ತಿದ್ದವು. ಮಾವ ಗುದ್ದಲಿಯಿಂದ ತೆವರಿಯನ್ನು ಒಂದೇ ಏಟಿಗೆ ಕಡಿದು ಮಡಿಗೆ ನೀರು ತಿರುಗಿಸಿ, "ಈಗ ಕೂತ್ಕೊಬೋದು" ಎನ್ನುತ್ತಿದ್ದರು. ಕೂರುತ್ತಿರಲಿಲ್ಲ, ಮೇಲಿನ ಗದ್ದೆಯವರು ಮತ್ತೆ ಒಡೆದುಕೊಂಡಾರೆಂಬ ಅಂಜಿಕೆಯಿಂದ ಕಾಲುವೆಯುದ್ದಕ್ಕೂ ಹಿಂದಕ್ಕೆ ನಡೆದು ನೋಡಿ ಬರುತ್ತಿದ್ದರು. ಅಣ್ಣತಮ್ಮಂದಿರು ಮಾತು ಬಿಟ್ಟದ್ದು, ನೆಂಟಸ್ತನ ಮುರಿದದ್ದು ಈ ರಾತ್ರಿಗಳಲ್ಲೇ.

ಆಲೆಮನೆಯ ದಿನಗಳು ಇದಕ್ಕೆ ತೀರ ಬೇರೆ. ಒಣಗಿಸಿದ ಕಬ್ಬಿನ ಸಿಪ್ಪೆಯನ್ನೇ ಒಲೆಗೆ ಹಾಕಿ, ಕೊಪ್ಪರಿಗೆಯಲ್ಲಿ ಹಾಲು ಕುದಿಸಿ (ಕಬ್ಬಿನ ರಸವನ್ನು ನಮ್ಮಲ್ಲಿ ಹಾಲು ಎನ್ನುವುದೇ ರೂಢಿ), ಮೇಲೆ ಬಂದ ಕಲ್ಮಷವನ್ನು ಜಾಲರಿಯಲ್ಲಿ ತೆಗೆಯುತ್ತ, ಪಾಕ ಬಂದಿತೇ ಎಂದು ನೋಡಲು ತಣ್ಣೀರಿನಲ್ಲಿ ಒಂದು ತೊಟ್ಟು ಬಿಟ್ಟು ಬೆರಳಿನಲ್ಲಿ ಉಂಡೆ ಮಾಡಿ ತೋರಿಸುತ್ತಿದ್ದವರ ಕೈ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದೆ. ಕಾರ್ಖಾನೆಯ ದರ ಕುಸಿದಾಗ ರೈತನಿಗೆ ಇರುತ್ತಿದ್ದ ಎರಡನೆಯ ಬಾಗಿಲು ಆಲೆಮನೆ. ಅವುಗಳ ಸಂಖ್ಯೆ ಇಳಿಯುತ್ತ ಬಂದಂತೆ ಆ ಬಾಗಿಲು ಕಿರಿದಾಗಿದೆ.

ನೀರು ಬಂದ ನೆಲದಲ್ಲೇ ಚಳವಳಿಯೂ ಬೆಳೆಯಿತೆಂಬುದು ನಮ್ಮ ಪಟ್ಟಣದ ಚರಿತ್ರೆಯಲ್ಲಿ ಮರೆಯಬಾರದ ಸಂಗತಿ. ಖುಷ್ಕಿ ರೈತ ಮಳೆಯನ್ನು ಬೈಯುತ್ತಿದ್ದ. ನಾಲೆಯ ರೈತ ನೀರಿಗೆ ಇಲಾಖೆಯನ್ನು, ಗೊಬ್ಬರಕ್ಕೆ ಸೊಸೈಟಿಯನ್ನು, ಬೆಲೆಗೆ ಕಾರ್ಖಾನೆಯನ್ನು ಎದುರು ನೋಡಬೇಕಾಯಿತು. ಮಾತನಾಡಿಸಬಹುದಾದ, ಪ್ರಶ್ನಿಸಬಹುದಾದ ಎದುರಾಳಿ ಅವನಿಗೆ ಸಿಕ್ಕಿದ. 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ರೈತ ಸಂಘ ಇಲ್ಲಿ ಆಳವಾಗಿ ಬೇರೂರಿತು. ಸಂಘದ ನಾಯಕರಾಗಿದ್ದ ಕ್ಯಾತನಹಳ್ಳಿಯ ಕೆ.ಎಸ್. ಪುಟ್ಟಣ್ಣಯ್ಯನವರು 1994ರಲ್ಲಿ ಪಾಂಡವಪುರದಿಂದ, 2013ರಲ್ಲಿ ಮೇಲುಕೋಟೆ ಕ್ಷೇತ್ರದಿಂದ ಶಾಸಕರಾಗಿ ಆಯ್ಕೆಯಾದರು. ಅವರ ಭಾಷಣವನ್ನು ನಾನು ಕೇಳಿದ್ದೇನೆ: ಗಾದೆ, ನಗು, ಲೆಕ್ಕ, ಸಿಟ್ಟು ಎಲ್ಲವೂ ಹಳ್ಳಿಯ ಜಗಲಿಯ ಮಾತಿನಲ್ಲೇ ಬರುತ್ತಿತ್ತು. 2018ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗ ನಮ್ಮ ಬೀದಿಯಲ್ಲಿ ಹಸಿರು ಟವೆಲ್ ಹೆಗಲಿಗೇರಿಸಿದ ಮುದುಕರು ಅಂಗಡಿಗಳ ಮುಂದೆ ಮಾತಿಲ್ಲದೆ ಕುಳಿತಿದ್ದರು. ಅದಕ್ಕೂ ಮೊದಲು, 2015ರಲ್ಲಿ, ಮಂಡ್ಯ ಜಿಲ್ಲೆಯ ಕಬ್ಬಿನ ರೈತರ ಆತ್ಮಹತ್ಯೆಗಳು ನಾಡಿನ ಗಮನ ಸೆಳೆದಿದ್ದವು. ನಿಂತುಹೋಗಿದ್ದ ಪಾಂಡವಪುರದ ಸಹಕಾರಿ ಕಾರ್ಖಾನೆಯನ್ನು 2020ರಲ್ಲಿ ನಲವತ್ತು ವರ್ಷಗಳ ಗುತ್ತಿಗೆಗೆ ಖಾಸಗಿಯವರಿಗೆ ವಹಿಸಲಾಯಿತು. ರೈತರು ಷೇರು ಹಾಕಿ ಕಟ್ಟಿದ ಸಂಸ್ಥೆಯೊಂದು ಗುತ್ತಿಗೆಗೆ ಹೋಗುವುದನ್ನು ಕಾಣುವಾಗ, ಚಿಮಣಿಯಲ್ಲಿ ಮತ್ತೆ ಹೊಗೆ ಕಂಡ ಸಮಾಧಾನ ಮತ್ತು ಕೈಬಿಟ್ಟುಹೋದ ನೋವು ಒಟ್ಟಿಗೇ ಇದ್ದವು.

2018ರ ನವೆಂಬರ್ 24 ಶನಿವಾರ. ಕನಗನಮರಡಿಯ ಬಳಿ ಖಾಸಗಿ ಬಸ್ಸೊಂದು ವಿ.ಸಿ. ನಾಲೆಗೆ ಉರುಳಿ 30 ಜನ ಸತ್ತರು. ಅವರಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಮಕ್ಕಳೂ ಇದ್ದರು. ನಾಲೆಯ ಪಕ್ಕದ ರಸ್ತೆಗೆ ಅಲ್ಲಿ ತಡೆಗೋಡೆ ಇರಲಿಲ್ಲ. ನಾಲೆಯ ಏರಿಯ ಮೇಲೆ ನಾವೆಲ್ಲ ಸೈಕಲ್ ಕಲಿತವರು, ಎತ್ತಿನ ಗಾಡಿ ಓಡಿಸಿದವರು. ಎತ್ತಿನ ಗಾಡಿಗೆಂದು ಇದ್ದ ಏರಿ ಬಸ್ಸಿನ ರಸ್ತೆಯಾದಾಗ ಅದಕ್ಕೊಂದು ಗೋಡೆ ಬೇಕೆಂಬ ಸರಳ ಮಾತು ಮೂವತ್ತು ಮನೆಗಳ ದೀಪ ಆರಿದ ಮೇಲೆ ಚರ್ಚೆಗೆ ಬಂತು. ಆ ದಾರಿಯಲ್ಲಿ ಹೋಗುವಾಗ ಇಂದಿಗೂ ಬಸ್ಸಿನೊಳಗೆ ಮಾತು ನಿಲ್ಲುತ್ತದೆ.

ಬೆಟ್ಟಗಳ ಕಥೆಯೂ ಇದಕ್ಕಿಂತ ಬೇರೆಯಲ್ಲ. ಬೇಬಿ ಬೆಟ್ಟದ ಬುಡ ಅಮೃತಮಹಲ್ ಕಾವಲಿನ ನೆಲ, ಎಂದರೆ ಆ ತಳಿಯ ದನಗಳಿಗೆಂದು ಮೀಸಲಿಟ್ಟ ಹುಲ್ಲುಗಾವಲು. ಶಿವರಾತ್ರಿಯ ಆಸುಪಾಸಿನಲ್ಲಿ ಅಲ್ಲಿ ನಡೆಯುವ ದನಗಳ ಜಾತ್ರೆಗೆ ತಾತ ನನ್ನನ್ನು ಕರೆದೊಯ್ದಿದ್ದರು. ಹಳ್ಳಿಕಾರ್ ಜೋಡಿಗಳ ಕೊಂಬಿಗೆ ಎಣ್ಣೆ ಸವರಿ, ಹಲ್ಲು ನೋಡಿ, ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುವುದನ್ನು ಅಲ್ಲಿಯೇ ಮೊದಲು ಕಂಡೆ. ಅದೇ ಬೆಟ್ಟದಲ್ಲಿ ಕಲ್ಲುಗಣಿಗಳು ಹೆಚ್ಚಿದವು, ಜಲ್ಲಿಪುಡಿಯ ಧೂಳು ರೇಷ್ಮೆಯ ಸೊಪ್ಪಿನ ಮೇಲೆ ಕೂರತೊಡಗಿತು. ಸಿಡಿಮದ್ದಿನ ಅದುರಾಟ ಕನ್ನಂಬಾಡಿ ಕಟ್ಟೆಗೆ ಅಪಾಯವೆಂಬ ಆತಂಕ 2018ರಿಂದ ಬಲವಾಗಿ ಕೇಳಿಬಂತು. ರೈತರು ಪ್ರತಿಭಟಿಸಿದರು, ಪರೀಕ್ಷಾರ್ಥ ಸ್ಫೋಟಕ್ಕೆ ಬಂದವರನ್ನು ತಡೆದರು. 2024ರ ಜನವರಿಯಲ್ಲಿ ಹೈಕೋರ್ಟ್ ಅಣೆಕಟ್ಟಿನ ಸುತ್ತ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆಯನ್ನು ನಿಷೇಧಿಸುವ ಆದೇಶ ನೀಡಿತು. ಬಂಡೆ ಒಡೆದು ಕೂಲಿ ಮಾಡುತ್ತಿದ್ದ ಸಂಸಾರಗಳು ನಮ್ಮ ತಾಲ್ಲೂಕಿನವೇ, ಅವರಲ್ಲಿ ಬಹಳ ಮಂದಿ ನಾಲೆಯ ಮೇಲಿನ ಊರುಗಳವರು. ಅವರ ಅನ್ನದ ಪ್ರಶ್ನೆಯನ್ನು ಬಿಟ್ಟು ಬೆಟ್ಟದ ಬಗ್ಗೆ ಮಾತ್ರ ಬರೆಯುವುದು ನನ್ನಿಂದಾಗದು. ಆದರೂ ಕಟ್ಟೆ ಮತ್ತು ಗಣಿಗಳ ನಡುವೆ ಒಂದನ್ನೇ ಆರಿಸಬೇಕಾದರೆ ನನ್ನ ಆಯ್ಕೆ ಕಟ್ಟೆಯೇ.

2023ರಲ್ಲಿ ಮುಂಗಾರು ಕೈಕೊಟ್ಟು ಕಟ್ಟೆ ತುಂಬಲಿಲ್ಲ. ಬೇಸಿಗೆ ಬೆಳೆಗೆ ನೀರಿಲ್ಲವಾಯಿತು, ಮಾವನ ಗದ್ದೆ ಬಿಸಿಲಿಗೆ ಬಿರುಕುಬಿಟ್ಟು ಬಿದ್ದಿತ್ತು. 2025ರಲ್ಲಿ ಅಣೆಕಟ್ಟಿನ ಇತಿಹಾಸದಲ್ಲೇ ಮೊದಲ ಬಾರಿಗೆ ಜೂನ್ ತಿಂಗಳಿನಲ್ಲೇ ಕಟ್ಟೆ ಭರ್ತಿಯಾಗಿ, ತಿಂಗಳ ಕೊನೆಯ ದಿನ ಮುಖ್ಯಮಂತ್ರಿಗಳು ಬಾಗಿನ ಅರ್ಪಿಸಿದರು. ಎರಡು ವರ್ಷಗಳ ಅಂತರದಲ್ಲಿ ಈ ಎರಡನ್ನೂ ಕಂಡ ಮೇಲೆ, ಮಳೆಯ ಬಗ್ಗೆ ಹಿರಿಯರು ಹೇಳಿಕೊಟ್ಟಿದ್ದ ಲೆಕ್ಕಗಳು ಸಡಿಲವಾಗುತ್ತಿವೆ ಎಂದು ಅನ್ನಿಸದೆ ಇರದು. ಪಟ್ಟಣದ ಅಂಚಿನಲ್ಲಿ, ಎರಡು ಬೆಳೆ ತೆಗೆಯುತ್ತಿದ್ದ ಗದ್ದೆಗಳಿಗೆ ಮಣ್ಣು ತುಂಬಿ, ಬಿಳಿ ಕಲ್ಲು ನೆಟ್ಟು, ನಿವೇಶನಗಳ ಫಲಕ ಹಾಕಿದ್ದಾರೆ. ಆ ನಿವೇಶನಗಳ ನಡುವೆ ಹಳೆಯ ಕಾಲುವೆಯ ಒಂದು ತುಂಡು ಎಲ್ಲಿಗೂ ಹೋಗದೆ ಉಳಿದಿದೆ.

ಕಳೆದ ವರ್ಷ ಕಟ್ಟೆ ತುಂಬಿ ನಾಲೆಗೆ ನೀರು ಬಿಟ್ಟ ವಾರ ನಾನು ಊರಿಗೆ ಹೋಗಿದ್ದೆ. ತಾತ ಇಲ್ಲವಾಗಿ ಬಹಳ ವರ್ಷವಾಯಿತು. ಮಾವನಿಗೆ ಎಪ್ಪತ್ತು ದಾಟಿದೆ, ರಾತ್ರಿ ಕಣ್ಣು ಕಾಣುವುದಿಲ್ಲ. ಅವರ ಮಗ ಮೈಸೂರಿನ ಕಾರ್ಖಾನೆಯೊಂದರಲ್ಲಿ ರಾತ್ರಿ ಪಾಳಿ ಮಾಡುತ್ತಾನೆ. ಸರದಿ ಎರಡು ಗಂಟೆಗೆ ಬಿದ್ದಿತ್ತು. ಮಾವ ಗುದ್ದಲಿಯನ್ನು ನನ್ನ ಕೈಗೆ ಕೊಟ್ಟು, ತಾವು ಟಾರ್ಚು ಹಿಡಿದು ಹಿಂದೆ ಬಂದರು. ತೆವರಿಯನ್ನು ಒಂದೇ ಏಟಿಗೆ ಕಡಿಯಲು ನನ್ನಿಂದಾಗಲಿಲ್ಲ. ಮೂರು ಏಟು ಬೇಕಾಯಿತು. ನೀರು ಒಳಗೆ ತಿರುಗಿತು. ಮೇಲಿನ ಗದ್ದೆಯ ಕಡೆಗೆ ನೋಡುತ್ತ ಮಾವ, "ಹೋಗಿ ಒಂದ್ ಸಲ ನೋಡ್ಕೊಂಡ್ ಬಾರಪ್ಪ" ಎಂದರು. ನಾನು ಕಾಲುವೆಯುದ್ದಕ್ಕೂ ಹಿಂದಕ್ಕೆ ನಡೆದೆ. ಯಾರೂ ಒಡೆದುಕೊಂಡಿರಲಿಲ್ಲ. ಮೇಲಿನ ಎರಡು ಗದ್ದೆಗಳಲ್ಲಿ ನಾಟಿಯೇ ಇರಲಿಲ್ಲ, ಬಿಳಿ ಕಲ್ಲುಗಳಿದ್ದವು.